ಹಳೇ ಜಾವಾದ ಬಿಡಿಭಾಗಗಳ ಬೆನ್ನು ಹತ್ತಿ: ಗೌರಿಬಿದನೂರಿನಿಂದ ಚಿಂತಾಮಣಿಗೆ

ಹೊನ್ನಾವರದಿಂದ ಹೊರಟು ಶಿವಮೊಗ್ಗ, ಶಿರಾ, ಮಧುಗಿರಿ ಹಾದು ಚಿತ್ತೂರಿನ ಕಡೆ ಸಾಗುವ ರಾಷ್ಟ್ರೀಯ ಹೆದ್ದಾರಿ 69ರ ಮೇಲೆ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಒಂದರ ಹಿಂದೊಂದು ಬರುತ್ತವೆ. ಮೆಕ್ಕೆಜೋಳ, ದ್ರಾಕ್ಷಿ, ರೇಷ್ಮೆಗೂಡು, ಟೊಮ್ಯಾಟೊ ಹೇರಿಕೊಂಡ ಗಾಡಿಗಳು ಹಗಲೂ ರಾತ್ರಿ ಓಡಾಡುವ ರಸ್ತೆ ಇದು. ಈ ಸಲ ನಾನು ಈ ದಾರಿ ಹಿಡಿದದ್ದು ಒಂದು ಗೋಣಿಚೀಲದ ಜೊತೆ.

ಚೀಲದಲ್ಲಿದ್ದದ್ದು ಒಂದು ಪಿಸ್ಟನ್ನು, ಕನೆಕ್ಟಿಂಗ್ ರಾಡ್ ಬಿಗಿದ ಕ್ರ್ಯಾಂಕು, ಎರಡು ಸಿಲೆನ್ಸರು, ಒಂದು ಹಿಡಿ ಆಯಿಲ್ ಸೀಲು, ಗೇರ್ ಲಿವರು, ಸುಟ್ಟುಹೋದ ಡೈನಮೋ ಆರ್ಮೆಚರ್. ಮಂಚೇನಹಳ್ಳಿ ಕಡೆಯ ಗೆಳೆಯರೊಬ್ಬರ ತಂದೆ 1969ರಲ್ಲಿ ಕೊಂಡ ಜಾವಾ 250 ಮೋಟರ್‌ಸೈಕಲ್ಲಿಗೆ ಸೇರಿದ ಸಾಮಾನುಗಳಿವು. ತಂದೆ ತೀರಿಕೊಂಡ ಮೇಲೆ ಕೊಟ್ಟಿಗೆ ಸೇರಿದ್ದ ಗಾಡಿಯನ್ನು ಮಗ ಬಿಚ್ಚಿಸಿದ್ದಾರೆ. ಬೆಂಗಳೂರಿನಿಂದಲೂ ದೆಹಲಿಯ ಕರೋಲ್ ಬಾಗ್‌ನಿಂದಲೂ ಹೊಸ ಬಿಡಿಭಾಗ ತರಿಸಿದ್ದಾರೆ. ಇವುಗಳಲ್ಲಿ ಯಾವುದನ್ನು ಹಾಕಬಹುದು, ಯಾವುದನ್ನು ವಾಪಸ್ ಕಳಿಸಬೇಕು? ಮಾರಿದವರನ್ನು ಕೇಳಿದರೆ ಎಲ್ಲವೂ ಒಳ್ಳೆಯದೇ. ನಿಜವಾದ ಉತ್ತರ ಸಿಗುವುದು ಈ ನಾಲ್ಕು ಊರುಗಳ ತಗಡಿನ ಶೆಡ್ಡುಗಳಲ್ಲಿ, ಲೇತ್ ಯಂತ್ರಗಳ ಮುಂದೆ ಕೂತವರ ಬಳಿ. ಹಾಗೆಂದೇ ಚೀಲ ಹೊತ್ತು ಹೊರಟೆ.

ಮೊದಲು ಗಾಡಿಯ ಜಾತಕ ಹೇಳಿಬಿಡುತ್ತೇನೆ. ಝೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. 1961ರಲ್ಲಿ ಅಲ್ಲಿಂದ ಮೋಟರ್‌ಸೈಕಲ್ಲುಗಳು ಹೊರಬೀಳತೊಡಗಿದವು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದು ಬದಲಾಯಿತು. ರೋಡ್‌ಕಿಂಗ್, ಕ್ಲಾಸಿಕ್, ಮೊನಾರ್ಕ್ ಎಂಬ ಮಾಡೆಲ್ಲುಗಳು ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ಈ ಗಾಡಿಗಳಿಗೆ ‘ಕಂಪನಿ ಮಾಲು’ ಎಂದು ಮುದ್ರೆ ಒತ್ತಿಕೊಡುವವರು ಸುಮಾರು ಮೂರು ದಶಕಗಳಿಂದ ಯಾರೂ ಇಲ್ಲ. 2018ರಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರಿನಲ್ಲೇ ಹೊಸ ಬೈಕು ಬಿಟ್ಟಿತಾದರೂ ಅದು ಫೋರ್ ಸ್ಟ್ರೋಕ್, ನೀರಿನಿಂದ ತಣಿಯುವ ಎಂಜಿನ್ನು. ಹಳೆಯ ಟೂ ಸ್ಟ್ರೋಕ್ ಎಂಜಿನ್ನಿಗೆ ಅದರ ಒಂದು ಬೋಲ್ಟೂ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಇಂದು ಜಾವಾ, ಯೆಜ್ಡಿಗೆ ಸಿಗುವುದು ಮೂರೇ ಬಗೆ. ಯಾರದೋ ಗೋಡೌನಿನಲ್ಲಿ ಉಳಿದ ಓಲ್ಡ್ ಸ್ಟಾಕ್, ಗುಜರಿ ಗಾಡಿಯಿಂದ ಬಿಚ್ಚಿದ್ದು, ಮತ್ತು ಮಾದರಿ ನೋಡಿ ಹೊಸದಾಗಿ ಮಾಡಿದ್ದು. ಮೂರನೆಯದನ್ನು ನಮ್ಮ ಕಡೆ ‘ಲೋಕಲ್’ ಎಂದು ಒಂದೇ ಮಾತಲ್ಲಿ ಮುಗಿಸುತ್ತಾರೆ. ಆ ಲೋಕಲ್‌ನಲ್ಲಿ ಅಪ್ಪಟ ಒಳ್ಳೆಯದೂ ಇದೆ, ಎಂಜಿನ್ನನ್ನೇ ತಿಂದುಹಾಕುವುದೂ ಇದೆ. ಡಬ್ಬಿ ನೋಡಿ ಗೊತ್ತಾಗುವುದಿಲ್ಲ.

ಗೌರಿಬಿದನೂರಿನಲ್ಲಿ ವಿದುರಾಶ್ವತ್ಥದ ಕಡೆ ಹೋಗುವ ರಸ್ತೆಯ ಪಕ್ಕದ ಒಂದು ಟಿಂಕರಿಂಗ್ ಶೆಡ್ಡಿನಲ್ಲಿ ಗೆಳೆಯರ ಜಾವಾದ ಟ್ಯಾಂಕು, ಮಡ್‌ಗಾರ್ಡುಗಳು ಬಿದ್ದಿದ್ದವು. ಹಿಂದೂಪುರ ಇಲ್ಲಿಂದ ಹತ್ತಿರ. ಶೆಡ್ಡಿನೊಳಗೆ ಕನ್ನಡ, ತೆಲುಗು ಎರಡೂ ಒಂದೇ ಉಸಿರಿನಲ್ಲಿ ನಡೆಯುತ್ತವೆ. ಹೊಸದಾಗಿ ತರಿಸಿದ ಹಿಂದಿನ ಮಡ್‌ಗಾರ್ಡನ್ನೂ ಐವತ್ತು ವರ್ಷ ತುಕ್ಕು ತಿಂದ ಹಳೆಯದನ್ನೂ ಟಿಂಕರ್ ಅಣ್ಣ ಅಕ್ಕಪಕ್ಕ ಇಟ್ಟರು. ಎರಡರ ಅಂಚನ್ನೂ ಹೆಬ್ಬೆರಳಿನಿಂದ ಒತ್ತಿದರು. ಹೊಸದು ‘ಟಕ್’ ಎಂದು ಒಳಗೆ ಹೋಗಿ ಮತ್ತೆ ಹೊರಗೆ ಬಂತು. ಹಳೆಯದು ಮಿಸುಕಲಿಲ್ಲ.

“ಇದ್ರಲ್ಲಿ ತೂತು ಬಿದ್ದೈತೆ, ಆದ್ರೆ ಸೀಟು ಗಟ್ಟಿ. ಅದ್ರಲ್ಲಿ ತೂತಿಲ್ಲ, ಸೀಟೇ ಇಲ್ಲ ಸಾರ್,” ಎಂದರು. ಸೀಟು ಎಂದರೆ ಇವರ ಬಾಯಲ್ಲಿ ತಗಡು.

ಆಮೇಲೆ ಬೋಲ್ಟಿನ ತೂತುಗಳನ್ನು ಹೊಂದಿಸಿ ನೋಡಿದರು. ಹೊಸ ಮಡ್‌ಗಾರ್ಡಿನ ಒಂದು ತೂತು ಅರ್ಧ ಬೆರಳಿನಷ್ಟು ಪಕ್ಕಕ್ಕಿತ್ತು. ಬಗ್ಗಿಸಿ ಕೂರಿಸಬಹುದು. ಆದರೆ ಬಗ್ಗಿಸಿ ಕೂರಿಸಿದ ತಗಡು ಎಂಜಿನ್ನಿನ ನಡುಕಕ್ಕೆ ಅದೇ ಜಾಗದಲ್ಲಿ ಸೀಳುತ್ತದೆ. ಹಳೆಯದನ್ನೇ ಉಳಿಸೋಣ, ಕೊಳೆತ ಭಾಗವನ್ನು ಕತ್ತರಿಸಿ ಅಷ್ಟೇ ದಪ್ಪದ ತುಂಡು ಕೂರಿಸಿ ಬೆಸುಗೆ ಹಾಕೋಣ ಎಂಬುದು ಅವರ ತೀರ್ಪು. ನನಗೂ ಸರಿ ಎನಿಸಿತು. ಬಾಡಿ ಕೆಲಸದಲ್ಲಿ ಹಳೆಯ ತಗಡು ಅರ್ಧದಷ್ಟು ಉಳಿದಿದ್ದರೂ ಅದನ್ನು ಬಿಡಬಾರದು. ಹೊಸ ತಗಡು ಬೆಲೆಗೆ ಸಸ್ತಾ, ಕೂಲಿಗೆ ದುಬಾರಿ.

ಟ್ಯಾಂಕಿನ ಕಥೆ ಬೇರೆ. ಹೊರಗಿನಿಂದ ಚೆನ್ನಾಗಿದ್ದ ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟರೆ ಕೆಂಪು ತುಕ್ಕಿನ ಪುಡಿ. ಒಂದು ಹಿಡಿ ಚೂಪು ನಟ್ಟುಗಳನ್ನು ಒಳಗೆ ಹಾಕಿ, ಸೀಮೆಎಣ್ಣೆ ಹುಯ್ದು, ಟ್ಯಾಂಕನ್ನು ಹಳೇ ಟೈರಿಗೆ ಕಟ್ಟಿ ಉರುಳಿಸುತ್ತಾರೆ. ತುಕ್ಕೆಲ್ಲ ಕೆಸರಾಗಿ ಹೊರಗೆ ಬರುತ್ತದೆ. ಈಗ ಈ ಕೆಲಸ ಮೊದಲಿಗಿಂತ ಮುಖ್ಯ, ಏಕೆಂದರೆ ಬಂಕುಗಳಲ್ಲಿ ಇಂದು ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ಗಾಳಿಯ ತೇವ ಹೀರುತ್ತದೆ. ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಕೂರುತ್ತದೆ, ಹೊಸ ತುಕ್ಕು ಶುರುವಾಗುತ್ತದೆ. ಹಳೆಯ ಪೆಟ್ರೋಲ್ ಟ್ಯಾಪಿನ ಕಾರ್ಕು, ಸಾಧಾರಣ ರಬ್ಬರಿನ ಪೈಪು ಎರಡನ್ನೂ ಇದು ಬೇಗ ಕೆಡಿಸುತ್ತದೆ. ಹಾಗಾಗಿ ಪೆಟ್ರೋಲ್ ಮುಟ್ಟುವ ರಬ್ಬರನ್ನು ಮಾತ್ರ ‘ಒರಿಜಿನಲ್ ಓಲ್ಡ್ ಸ್ಟಾಕ್’ ಎಂದು ಹುಡುಕಿಕೊಂಡು ಹೋಗಬೇಡಿ. ಮೂವತ್ತು ವರ್ಷ ಡಬ್ಬಿಯಲ್ಲಿ ಕೂತ ರಬ್ಬರು ಒಣಗಿ ಸತ್ತಿರುತ್ತದೆ. ಎಥನಾಲ್ ತಡೆಯುವ ಇಂದಿನ ಪೈಪೇ ಇಲ್ಲಿ ಮೇಲು.

ಚಿಕ್ಕಬಳ್ಳಾಪುರಕ್ಕೆ ಬರುವ ಹೊತ್ತಿಗೆ ಭಾಷೆ ವ್ಯಾಪಾರದ್ದಾಗುತ್ತದೆ. ಬೆಂಗಳೂರು ಇಲ್ಲಿಗೆ ಹತ್ತಿರ. ಜೆ.ಸಿ. ರಸ್ತೆಯಲ್ಲಿ ಬೆಳಿಗ್ಗೆ ಹೇಳಿದ ಸಾಮಾನು ಸಂಜೆಯ ಬಸ್ಸಿಗೆ ಪಾರ್ಸೆಲ್ ಆಗಿ ಬರುತ್ತದೆ. ಭಾನುವಾರ ಬೆಳಗ್ಗೆ ನಂದಿಬೆಟ್ಟದ ಕಡೆ ಹೋಗುವ ಹಳೇ ಬೈಕುಗಳ ಸಾಲು ಹೆದ್ದಾರಿಯಲ್ಲಿ ಕಂಡೇ ಕಾಣುತ್ತದೆ. ಪ್ರತಿವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ. ಅಂದು ಬೆಂಗಳೂರು, ಮೈಸೂರುಗಳಲ್ಲಿ ಗಾಡಿ ಇರುವವರೆಲ್ಲ ಸೇರುತ್ತಾರೆ. ಬಿಡಿಭಾಗ ಹುಡುಕುವವರಿಗೆ ಅದಕ್ಕಿಂತ ಒಳ್ಳೆಯ ಸಂತೆ ಇಲ್ಲ. ಯಾರ ಹತ್ತಿರ ಯಾವ ಸಾಮಾನು ಇದೆ, ಯಾರು ಮಾಡಿದ ಸಿಲೆನ್ಸರು ಎರಡು ಮಳೆಗಾಲ ಕಂಡಿದೆ ಎಂಬುದು ಅಲ್ಲಿ ಗಾಡಿಯ ಪಕ್ಕದಲ್ಲೇ ನಿಂತು ತಿಳಿಯುತ್ತದೆ.

ಚಿಕ್ಕಬಳ್ಳಾಪುರದ ಮಗ್ಗುಲಲ್ಲೇ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ. ಇಲ್ಲಿ ನಿಂತು ಮೋಟಾರು ಗಾಡಿಯ ಮಾತಾಡುವಾಗ ಅವರನ್ನು ನೆನೆಯದೆ ಮುಂದೆ ಹೋಗಲಾಗದು. ಭಾರತದಲ್ಲೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಬರೆದು, ಯುರೋಪು, ಅಮೆರಿಕದ ಕಾರ್ಖಾನೆಗಳನ್ನು ನೋಡಿಬಂದು, ಬ್ರಿಟಿಷ್ ಸರ್ಕಾರದ ಬಾಗಿಲು ಬಡಿದವರು ಅವರು. ಆ ಯೋಜನೆಯನ್ನು ಕೈಗೆತ್ತಿಕೊಂಡ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಅಮೆರಿಕದ ಕ್ರೈಸ್ಲರ್ ಕಂಪನಿಯ ಜೊತೆ ಸೇರಿ ಡಾಡ್ಜ್, ಪ್ಲಿಮತ್ ಗಾಡಿಗಳನ್ನು ಅಲ್ಲಿ ಜೋಡಿಸಿದರು. ಅರವತ್ತರ ದಶಕದಲ್ಲಿ ಅದೇ ಡಾಡ್ಜ್, ಪ್ಲಿಮತ್ ಹೆಸರಿನಲ್ಲಿ ಅಮೆರಿಕದಲ್ಲಿ ದೈತ್ಯ ಎಂಜಿನ್ನಿನ ‘ಮಸಲ್ ಕಾರು’ಗಳು ಹುಟ್ಟಿದವು. ಅಂಥ ಹಳೇ ಅಮೆರಿಕನ್ ಕಾರುಗಳನ್ನು ರಿಪೇರಿ ಮಾಡುವವರ ಸುಖ ಕೇಳಿದರೆ ನಮ್ಮವರಿಗೆ ಆಸೆಯಾಗುತ್ತದೆ. 1967ರ ಫೋರ್ಡ್ ಮಸ್ಟಾಂಗ್‌ನ ಇಡೀ ಬಾಡಿಯನ್ನೇ ಫೋರ್ಡ್ ಕಂಪನಿಯ ಪರವಾನಗಿ ಪಡೆದು ಹೊಸದಾಗಿ ಮಾಡಿ ಮಾರುವವರು ಅಲ್ಲಿದ್ದಾರೆ. ಮೂಲ ಕಂಪನಿ ಬದುಕಿರುವುದರಿಂದ, ಮಾಡಿದ ಭಾಗವನ್ನು ಅಳೆದು ಸೈ ಎನ್ನಲು ಒಬ್ಬರಿದ್ದಾರೆ. ಜಾವಾಕ್ಕೆ ಆ ಯಜಮಾನನಿಲ್ಲ. ಅಳೆಯುವ ಕೆಲಸ ನಮ್ಮದೇ.

ಚಿಕ್ಕಬಳ್ಳಾಪುರದ ಬಿಡಿಭಾಗದ ಅಂಗಡಿಯೊಂದರಲ್ಲಿ ಗೋಣಿಚೀಲದಿಂದ ಆಯಿಲ್ ಸೀಲುಗಳನ್ನು ತೆಗೆದು ಗಾಜಿನ ಮೇಲಿಟ್ಟೆ. ಯಜಮಾನರು ಒಂದನ್ನು ಎತ್ತಿ ಅದರ ತುಟಿಯನ್ನು ಉಗುರಿನಿಂದ ಬಗ್ಗಿಸಿದರು. ಬೆರಳಿಗೆ ಮಸಿಯಂಥ ಕಪ್ಪು ಅಂಟಿತು. ಮತ್ತೆ ಬಗ್ಗಿಸಿದಾಗ ತುಟಿಯ ಬುಡದಲ್ಲಿ ಸಣ್ಣ ಬಿರುಕು ಕಂಡಿತು. “ರೀಸೈಕಲ್ ರಬ್ಬರು. ಇದನ್ನ ಹಾಕಿದ್ರೆ ಪಿಸ್ಟನ್ ದುಡ್ಡೂ ಹೋಯ್ತು ಅಂತ ತಿಳ್ಕೊಳ್ಳಿ,” ಎಂದರು.

ಸೀಲಿಗೂ ಪಿಸ್ಟನ್ನಿಗೂ ಏನು ಸಂಬಂಧ? ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕು ತಿರುಗುವ ಕೋಣೆಯೇ ಪಂಪಿನ ಕೆಲಸ ಮಾಡುತ್ತದೆ. ಪಿಸ್ಟನ್ ಮೇಲೆ ಹೋದಾಗ ಕಾರ್ಬುರೇಟರಿನಿಂದ ಗಾಳಿ, ಪೆಟ್ರೋಲು, ಆಯಿಲ್ಲಿನ ಮಿಶ್ರಣವನ್ನು ಆ ಕೋಣೆ ಎಳೆದುಕೊಳ್ಳುತ್ತದೆ. ಕೆಳಗೆ ಬಂದಾಗ ಮೇಲಕ್ಕೆ ತಳ್ಳುತ್ತದೆ. ಕ್ರ್ಯಾಂಕಿನ ಪಕ್ಕದ ಸೀಲು ಸೋರಿದರೆ ಬರಿಗಾಳಿ ಒಳಗೆ ನುಗ್ಗುತ್ತದೆ, ಪೆಟ್ರೋಲು, ಆಯಿಲ್ಲು ಎರಡೂ ತೆಳುವಾಗುತ್ತವೆ, ಎಂಜಿನ್ನು ಕಾಯುತ್ತದೆ, ಕೊನೆಗೆ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್ಕರ ಮಾತಲ್ಲಿ ಗಾಡಿ ‘ಸೀಜ್’ ಆಗುತ್ತದೆ. ಬಹಳ ಜನ ಪಿಸ್ಟನ್ನನ್ನೇ ಬೈದು ಇನ್ನೊಂದು ಪಿಸ್ಟನ್ನು ಕೊಳ್ಳುತ್ತಾರೆ. ತಪ್ಪು ಮಾಡಿದ್ದು ಜೇಬಿನ ಚಿಲ್ಲರೆಗೆ ಸಿಗುವ ಸೀಲು.

ಯಜಮಾನರು ಹೇಳಿದ ಇನ್ನೊಂದು ಮಾತನ್ನು ಗುರುತು ಹಾಕಿಕೊಂಡೆ. ಜಾವಾ ಎಂದು ಬರೆದ ಸೀಲು, ಜಾವಾ ಎಂದು ಬರೆದ ಬೇರಿಂಗು ಕೇಳಲೇಬೇಡಿ. ಹಳೆಯ ಬೇರಿಂಗಿನ ಅಂಚಿನಲ್ಲಿ ಕೊರೆದ ನಂಬರು ಜಗತ್ತಿನಲ್ಲೆಲ್ಲ ಒಂದೇ. ಸೀಲಿನ ಒಳಸುತ್ತು, ಹೊರಸುತ್ತು, ದಪ್ಪ ಈ ಮೂರು ಅಳತೆ ಹಿಡಿದು ಹೋದರೆ ಪಂಪ್‌ಸೆಟ್ಟಿಗೆ ಬೇರಿಂಗ್ ಮಾರುವ ಅಂಗಡಿಯಲ್ಲೇ ಹೆಸರಾಂತ ಕಂಪನಿಯ ಮಾಲು ಸಿಗುತ್ತದೆ. ಕ್ರ್ಯಾಂಕಿಗೆ ಹಾಕುವ ಬೇರಿಂಗಿನ ಮೇಲೆ ‘ಸಿ3’ ಎಂಬ ಗುರುತಿರಬೇಕು. ಬಿಸಿಗೆ ಉಬ್ಬಿದಾಗ ಬಿಗಿಯಾಗದಂತೆ ಸ್ವಲ್ಪ ಹೆಚ್ಚು ಸಡಿಲ ಬಿಟ್ಟು ಮಾಡಿದ ಬೇರಿಂಗ್ ಅದು. ಹಳೇ ಗಾಡಿಯ ಹೆಸರು ಹೇಳಿದ ಕೂಡಲೇ ಏರುವ ಬೆಲೆ ಇಲ್ಲಿ ಏರುವುದಿಲ್ಲ.

ಶಿಡ್ಲಘಟ್ಟದಲ್ಲಿ ನಾನು ಹೆಚ್ಚು ಹೊತ್ತು ಕಳೆದೆ. ರಾಜ್ಯದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲೊಂದು ಇಲ್ಲಿದೆ. ಗೂಡು ಬೇಯಿಸುವ ವಾಸನೆ ಬೀದಿಗೆ ಬೀದಿಯನ್ನೇ ತುಂಬಿಕೊಂಡಿರುತ್ತದೆ. ಗೂಡಿನಿಂದ ನೂಲು ತೆಗೆಯುವ ಚರಕ, ಕಾಟೇಜ್ ಬೇಸಿನ್ನುಗಳು ದಿನವಿಡೀ ತಿರುಗುವ ಊರಿನಲ್ಲಿ ಬುಷ್ಷು ಸವೆಯುತ್ತದೆ, ಗೇರಿನ ಹಲ್ಲು ಮುರಿಯುತ್ತದೆ, ಶಾಫ್ಟು ಸೊಟ್ಟಗಾಗುತ್ತದೆ. ಅದನ್ನೆಲ್ಲ ಸರಿಮಾಡಿಕೊಡುತ್ತ ಬೆಳೆದವರು ಇಲ್ಲಿನ ಲೇತ್ ಕೆಲಸದವರು. ರೀಲಿಂಗ್ ಮಿಷನ್ನು ನಿಂತರೆ ರೀಲರಿಗೆ ಆ ದಿನದ ದುಡಿಮೆ ಹೋದಂತೆ, ಬೇಯಿಸಿದ ಗೂಡೂ ಕಾಯುವುದಿಲ್ಲ. ಹಾಗಾಗಿ ಬೇಗ, ಕರಾರುವಾಕ್ಕಾಗಿ ಕೆಲಸ ಮಾಡಿ ಅವರಿಗೆ ರೂಢಿ. ಹಳೇ ಗಾಡಿಯವರಿಗೆ ಇಂಥ ಕೈ ಸಿಗುವುದು ಭಾಗ್ಯ.

ಲೇತ್ ಇಟ್ಟ ಹಿರಿಯರಿಗೆ ಎಪ್ಪತ್ತರ ಹತ್ತಿರ. ಮೂಗಿನ ತುದಿಯಲ್ಲಿ ಕನ್ನಡಕ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. “ಭಾಯ್, ಇದು ನೋಡಿ ಹೇಳಿ,” ಎಂದು ಪಿಸ್ಟನ್ನು ಕೊಟ್ಟೆ. ಅವರು ಮೊದಲು ಅಳೆಯಲಿಲ್ಲ. ಅಂಗೈ ಮೇಲೆ ತೂಗಿದರು. ಆಮೇಲೆ ಗೆಳೆಯರ ಗಾಡಿಯಿಂದ ಬಿಚ್ಚಿದ ಹಳೇ ಪಿಸ್ಟನ್ನನ್ನು ಇನ್ನೊಂದು ಕೈಯಲ್ಲಿ ಹಿಡಿದರು. “ಹೊಸದು ಭಾರ ಐತೆ ಸಾರ್.” ಎದುರಿನ ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದೆವು, ನಿಜವೇ. ಪಿಸ್ಟನ್ನಿನ ತೂಕಕ್ಕೆ ಸರಿಯಾಗಿ ಕ್ರ್ಯಾಂಕಿನ ತೂಕವನ್ನು ಕಾರ್ಖಾನೆಯಲ್ಲಿ ಹೊಂದಿಸಿರುತ್ತಾರೆ. ಪಿಸ್ಟನ್ ಭಾರವಾದರೆ ಹ್ಯಾಂಡಲ್ಲಿನಲ್ಲಿ, ಕಾಲಿಡುವ ಜಾಗದಲ್ಲಿ ನಡುಕ. ದೂರ ಓಡಿಸಿದವರ ಕೈ ಜೋಮು ಹಿಡಿಯುತ್ತದೆ.

ನಂತರ ಮೈಕ್ರೋಮೀಟರ್ ತೆಗೆದರು. ಪಿಸ್ಟನ್ನಿನ ತಲೆಯನ್ನು ಅಳೆಯದೆ, ಪಿನ್ನಿಗೆ ಅಡ್ಡವಾಗಿ ‘ಲಂಗ’ ಎನ್ನುವ ಬದಿಯ ಕೆಳಭಾಗ ಹಿಡಿದು ಅಳೆದರು. ಜಾವಾ 250ರ ಸಿಲಿಂಡರಿನ ಮೂಲ ಅಳತೆ 65 ಮಿಲಿಮೀಟರ್, ಪಿಸ್ಟನ್ ಓಡುವ ದೂರ 75. ಸವೆದ ಸಿಲಿಂಡರನ್ನು ಬೋರಿಂಗ್ ಮಾಡಿಸಿ ಒಂದೊಂದೇ ಹಂತ ದೊಡ್ಡ ಪಿಸ್ಟನ್ನು ಹಾಕುತ್ತ ಹೋಗುವುದು ವಾಡಿಕೆ. ಅಲ್ಯೂಮಿನಿಯಂ ಪಿಸ್ಟನ್ನು ಬಿಸಿಗೆ ಎಷ್ಟು ಉಬ್ಬುತ್ತದೋ ಬೀಡುಕಬ್ಬಿಣದ ಸಿಲಿಂಡರು ಅಷ್ಟು ಉಬ್ಬುವುದಿಲ್ಲ. ಒಳ್ಳೆಯ ಪಿಸ್ಟನ್ನಿನ ಲೋಹದಲ್ಲಿ ಸಿಲಿಕಾನ್ ಬೆರೆಸಿ ಆ ಉಬ್ಬರವನ್ನು ತಡೆದಿರುತ್ತಾರೆ. ಕಳಪೆ ಪಿಸ್ಟನ್ನಿಗೆ ಎರಕದ ಅಂಗಡಿಯಲ್ಲಿ ಸಿಕ್ಕ ಹಳೇ ಅಲ್ಯೂಮಿನಿಯಮ್ಮೇ ಗತಿ. ತಣ್ಣಗಿದ್ದಾಗ ಎರಡೂ ಒಂದೇ ಅಳತೆ ತೋರಿಸುತ್ತವೆ. ವ್ಯತ್ಯಾಸ ಗೊತ್ತಾಗುವುದು ಏರುರಸ್ತೆಯಲ್ಲಿ, ಎಂಜಿನ್ನು ಕಾದಾಗ.

ಹಿರಿಯರು ಕೊನೆಗೆ ತೋರಿಸಿದ್ದು ರಿಂಗು ಕೂರುವ ತೋಡಿನೊಳಗಿನ ಒಂದು ಸಾಸಿವೆ ಗಾತ್ರದ ಪಿನ್ನು. ಟೂ ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಕಿಟಕಿಗಳಿರುತ್ತವೆ. ರಿಂಗಿನ ಎರಡು ತುದಿ ಸೇರುವ ಸಂದು ಆ ಕಿಟಕಿಯ ಎದುರಿಗೆ ಬಂದರೆ ತುದಿ ಹೊರಗೆ ಇಣುಕಿ, ಸಿಕ್ಕಿಕೊಂಡು, ಮುರಿದು, ಸಿಲಿಂಡರನ್ನೇ ಗೀರುತ್ತದೆ. ರಿಂಗು ತಿರುಗದಂತೆ ಹಿಡಿಯುವುದೇ ಈ ಪಿನ್ನಿನ ಕೆಲಸ. ಅವರು ಸೂಜಿಯಿಂದ ಒತ್ತಿದಾಗ ಎರಡರಲ್ಲಿ ಒಂದು ಪಿನ್ನು ಅಲುಗಾಡಿತು. “ಇದು ವಾಪಸ್ ಕಳ್ಸಿ,” ಎಂದು ಪಿಸ್ಟನ್ನನ್ನು ಡಬ್ಬಿಗೆ ಹಾಕಿ ನನ್ನ ಕೈಗೆ ಕೊಟ್ಟರು. ಪೇಟೆಯಲ್ಲಿ ಡಬ್ಬಿಯ ಮೇಲೆ ಬಂಗಾರದ ಬಣ್ಣದ ಅಕ್ಷರವಿತ್ತು, ಒಳಗೆ ಪ್ಲಾಸ್ಟಿಕ್ ಸುತ್ತಿ ಎಣ್ಣೆ ಸವರಿತ್ತು. ಸೂಜಿಯ ಒಂದು ತಳ್ಳಿಗೆ ಅದರ ಬಂಡವಾಳ ತಿಳಿಯಿತು.

ಗೇರ್ ಲಿವರಿನ ಪರೀಕ್ಷೆ ಇನ್ನೂ ಬೇಗ ಮುಗಿಯಿತು. ಜಾವಾದಲ್ಲಿ ಗೇರು ಹಾಕುವುದೂ ಕಿಕ್ ಹೊಡೆಯುವುದೂ ಎಡಗಡೆಯ ಒಂದೇ ಲಿವರಿನಿಂದ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಕೆಳಗಿಳಿಸಿದರೆ ಗೇರು. ಆಳಿನ ಪೂರ್ತಿ ಭಾರ ಬೀಳುವ ಜಾಗ ಅದು. ಹಿರಿಯರು ಅರದ ಮೂಲೆಯಿಂದ ಲಿವರಿನ ಒಳಹಲ್ಲುಗಳನ್ನು ಒಮ್ಮೆ ಉಜ್ಜಿದರು. ಹದ ಹಾಕಿದ ಉಕ್ಕಾದರೆ ಅರ ಜಾರಬೇಕು. ಇಲ್ಲಿ ಅರ ಕಚ್ಚಿತು, ಬೆಳ್ಳಗೆ ಪುಡಿ ಉದುರಿತು. ಮೆದು ಕಬ್ಬಿಣ. ಕೆಲವು ತಿಂಗಳಲ್ಲಿ ಹಲ್ಲು ಸವೆದು, ಲಿವರು ಶಾಫ್ಟಿನ ಮೇಲೆ ಸುಮ್ಮನೆ ತಿರುಗತೊಡಗುತ್ತದೆ. ಆಗ ಶಾಫ್ಟೂ ಹಾಳು, ಶಾಫ್ಟು ಬದಲಿಸಲು ಇಡೀ ಎಂಜಿನ್ನು ಬಿಚ್ಚಬೇಕು. ಚೈನ್ ಸ್ಪ್ರಾಕೆಟ್ಟಿಗೂ ಇದೇ ಪರೀಕ್ಷೆ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಅರ ಇಟ್ಟುಕೊಳ್ಳಿ, ಮಾರುವವರು ಬೇಡ ಎಂದರೆ ಆ ಅಂಗಡಿಯಲ್ಲಿ ಕೊಳ್ಳಬೇಡಿ.

ಚೀಲದಲ್ಲಿದ್ದ ಕ್ರ್ಯಾಂಕು ಮಾತ್ರ ಪಾಸಾಯಿತು, ಅದೂ ಸುಮ್ಮನೆ ಆಗಲಿಲ್ಲ. ಹೊಸ ಕನೆಕ್ಟಿಂಗ್ ರಾಡು, ರೋಲರು, ಪಿನ್ನು ಚೆನ್ನಾಗಿದ್ದವು. ಅವನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿದ್ದವರು ಕ್ರ್ಯಾಂಕಿನ ಎರಡು ತಟ್ಟೆಗಳನ್ನು ಒಂದೇ ನೇರಕ್ಕೆ ತಂದಿರಲಿಲ್ಲ. ಹಿರಿಯರು ಕ್ರ್ಯಾಂಕನ್ನು ಲೇತಿನ ಎರಡು ಮೊನೆಗಳ ನಡುವೆ ನಿಲ್ಲಿಸಿ, ಡಯಲ್ ಗೇಜಿನ ಮುಳ್ಳು ತಾಗಿಸಿ, ಕೈಯಿಂದ ನಿಧಾನ ತಿರುಗಿಸಿದರು. ಮುಳ್ಳು ಅತ್ತಿಂದಿತ್ತ ಓಡಿತು. ತಾಮ್ರದ ಸುತ್ತಿಗೆಯಿಂದ ತಟ್ಟೆಯ ಅಂಚಿಗೆ ಒಂದು ಪೆಟ್ಟು, ಮತ್ತೆ ತಿರುಗಿಸುವುದು, ಮತ್ತೆ ಒಂದು ಪೆಟ್ಟು. ಮಾತಿಲ್ಲ. ಹೊರಗೆ ಗೂಡಿನ ಚೀಲ ಹೊತ್ತ ಆಟೋಗಳು ಹಾರನ್ ಹೊಡೆಯುತ್ತಿದ್ದವು, ಅವರ ಕಣ್ಣು ಮುಳ್ಳಿನ ಮೇಲೆ. ಮುಳ್ಳಿನ ಓಡಾಟ ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಭಾಗಕ್ಕೆ ಇಳಿದ ಮೇಲೆ ಸುತ್ತಿಗೆ ಕೆಳಗಿಟ್ಟರು. ಅಷ್ಟು ಹೊತ್ತಿಗೆ ಚಹಾ ತಣ್ಣಗಾಗಿತ್ತು. ಸಣ್ಣ ತುದಿಯ ಬುಷ್ಷನ್ನು ಅವರೇ ಫಾಸ್ಫರ್ ಬ್ರಾಂಜ್ ಸರಳಿನಿಂದ ತಿರುಗಿಸಿ ಮಾಡಿಕೊಟ್ಟರು. ದೆಹಲಿಯಿಂದ ಬಂದಿದ್ದ ಬುಷ್ಷಿಗಿಂತ ಅದು ಸಾವಿರ ಪಾಲು ಮೇಲು ಎಂದು ಯಾವ ಸಂಕೋಚವೂ ಇಲ್ಲದೆ ಬರೆಯುತ್ತೇನೆ.

ಕ್ರ್ಯಾಂಕು ನೇರವಿರಬೇಕಾದ ಕಾರಣ ಚಿಂತಾಮಣಿಯಲ್ಲಿ ಕೈಗೆ ಸಿಕ್ಕಿತು. ಈ ಕಡೆಯ ಬೋರ್‌ವೆಲ್ಲುಗಳ ಆಳ ಎಲ್ಲರಿಗೂ ಗೊತ್ತು. ಪಾತಾಳದಿಂದ ನೀರೆತ್ತುವ ಮೋಟಾರುಗಳು ಸುಡುತ್ತಲೇ ಇರುತ್ತವೆ, ಹಾಗಾಗಿ ಚಿಂತಾಮಣಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ. ಒಂದು ಅಂಗಡಿಯಲ್ಲಿ ಗಂಡ ಮೋಟಾರು ಬಿಚ್ಚುತ್ತಿದ್ದರೆ ಹೆಂಡತಿ ತಾಮ್ರದ ತಂತಿ ಸುತ್ತುತ್ತಿದ್ದರು. ಹಳೆಯ ಜಾವಾದಲ್ಲಿ ಕರೆಂಟು ಹುಟ್ಟಿಸುವುದು 6 ವೋಲ್ಟಿನ ಡೈನಮೋ. ಅದರ ಆರ್ಮೆಚರ್ ಕ್ರ್ಯಾಂಕಿನ ತುದಿಗೇ ಬಿಗಿದಿರುತ್ತದೆ. ಆ ಅಕ್ಕ ನಮ್ಮ ಆರ್ಮೆಚರನ್ನು ಬೆಳಕಿಗೆ ಹಿಡಿದು ಒಂದು ಪಕ್ಕ ಮಾತ್ರ ಉಜ್ಜಿದ ಗುರುತನ್ನು ತೋರಿಸಿದರು. “ಇದು ತಾನಾಗೇ ಸುಟ್ಟಿಲ್ಲ ಸಾರ್, ಶಾಫ್ಟು ಅಲ್ಲಾಡಿ ಉಜ್ಜಿ ಸುಟ್ಟಿರೋದು. ಅದನ್ನ ಸರಿ ಮಾಡ್ಸಿದ್ದೀರಾ?” ಕ್ರ್ಯಾಂಕು, ಬೇರಿಂಗು ಸರಿಯಿಲ್ಲದೆ ಎಷ್ಟು ಒಳ್ಳೆಯ ಹೊಸ ಆರ್ಮೆಚರ್ ತಂದರೂ ಅದು ಅದೇ ದಾರಿ ಹಿಡಿಯುತ್ತದೆ. ಶಿಡ್ಲಘಟ್ಟದ ಕೆಲಸದ ಬಗ್ಗೆ ಹೇಳಿದ ಮೇಲೆಯೇ ಅವರು ಆರ್ಮೆಚರನ್ನು ಇಟ್ಟುಕೊಂಡರು. ಹಳೇ ತಂತಿಯ ದಪ್ಪ ಅಳೆದು, ಸುತ್ತು ಎಣಿಸಿ, ನೋಟ್‌ಪುಸ್ತಕದಲ್ಲಿ ಬರೆದುಕೊಂಡರು. ಆ ಪುಸ್ತಕದಲ್ಲಿ ಟ್ರ್ಯಾಕ್ಟರು, ಬುಲೆಟ್ಟು, ಹಳೇ ಲೂನಾಗಳ ಲೆಕ್ಕವೂ ಇತ್ತು. ಇಂಥ ಪುಸ್ತಕಗಳನ್ನು ಯಾರಾದರೂ ಜೋಪಾನ ಮಾಡಬೇಕು. ಮೈಸೂರಿನ ಕಾರ್ಖಾನೆ ಹೋದರೂ ಅಳತೆಗಳು ಉಳಿದಿರುವುದು ಇಂಥ ಕಡೆ.

ಉಳಿದದ್ದು ಸಿಲೆನ್ಸರು. ಜಾವಾದ್ದು ಒಂದೇ ಸಿಲಿಂಡರು, ಹೊಗೆ ಹೋಗಲು ಎರಡು ದಾರಿ, ಎರಡು ಸಿಲೆನ್ಸರು. ಆ ಸದ್ದಿಗೆ ಮನಸೋತವರೇ ಈ ಗಾಡಿ ಇಟ್ಟುಕೊಂಡವರು. ನಾವು ತಂದಿದ್ದವು ಕನ್ನಡಿಯಂತೆ ಹೊಳೆಯುತ್ತಿದ್ದವು. ಗ್ಯಾಸ್ ವೆಲ್ಡಿಂಗ್ ಅಂಗಡಿಯವರು ಒಳಗಿನ ಬ್ಯಾಫಲ್ ಎಂಬ ತೂತಿನ ಕೊಳವೆಯನ್ನು ಹೊರಗೆಳೆದು, ಹಳೆಯದರ ಪಕ್ಕ ಇಟ್ಟರು. ಹೊಸದು ಗಿಡ್ಡ, ತೂತುಗಳೂ ಕಡಿಮೆ. ಟೂ ಸ್ಟ್ರೋಕಿನಲ್ಲಿ ಸಿಲೆನ್ಸರು ಬರೀ ಸದ್ದು ಅಡಗಿಸುವ ಡಬ್ಬಿಯಲ್ಲ. ಹೊರಗೆ ಹೋದ ಹೊಗೆಯ ಒತ್ತಡ ಅಲೆಯಾಗಿ ಹಿಂದೆ ಬಂದು, ಜೊತೆಯಲ್ಲಿ ನುಸುಳಿಹೋಗುವ ಹೊಸ ಪೆಟ್ರೋಲ್ ಮಿಶ್ರಣವನ್ನು ತಡೆಯಬೇಕು. ಒಳಗಿನ ಉದ್ದ ತಪ್ಪಿದರೆ ಗಾಡಿಗೆ ಎಳೆತ ಇರುವುದಿಲ್ಲ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. ಹೊಸ ಕವಚದೊಳಗೆ ಹಳೆಯ ಬ್ಯಾಫಲ್ಲನ್ನೇ ಕಾರ್ಬನ್ ಸುಟ್ಟು ಕೂರಿಸುವುದೆಂದು ತೀರ್ಮಾನವಾಯಿತು. ಹೊಳಪಿನ ಬಗ್ಗೆ ಅವರಿಗೆ ನಂಬಿಕೆ ಇರಲಿಲ್ಲ. ತಾಮ್ರ, ನಿಕ್ಕಲ್, ಕ್ರೋಮ್ ಎಂದು ಮೂರು ಪದರ ಹಾಕಿದ ಹೊಳಪು ವರ್ಷಗಟ್ಟಲೆ ನಿಲ್ಲುತ್ತದೆ. ಬರೀ ತೆಳು ನಿಕ್ಕಲ್ ಮೇಲೆ ಕ್ರೋಮ್ ತೋರಿಸಿದ್ದು ಒಂದೇ ಮಳೆಗಾಲದಲ್ಲಿ ಹೊಪ್ಪಳೆ ಏಳುತ್ತದೆ. ಬೆಸುಗೆಯ ಗೆರೆಯ ಮೇಲೆ, ಬಾಗಿನ ಒಳಮೈಯಲ್ಲಿ ಹಳದಿ ಛಾಯೆ ಕಂಡರೆ ಅನುಮಾನ ಪಡಿ. ಈ ನಾಲ್ಕು ಊರುಗಳಲ್ಲಿ ಹೊಳಪು ಹಾಕುವ ಕೆಲಸಕ್ಕೆ ನಾನು ಯಾರನ್ನೂ ಶಿಫಾರಸು ಮಾಡಲಾರೆ, ಬೆಂಗಳೂರಿನ ಪೀಣ್ಯದ ಕಡೆಯ ಪ್ಲೇಟಿಂಗ್ ಘಟಕಗಳಿಗೇ ಕಳಿಸಬೇಕು.

ಕಾಗದಪತ್ರದ ಮಾತನ್ನು ಚುಟುಕಾಗಿ ಹೇಳುತ್ತೇನೆ. ಚಿಕ್ಕಬಳ್ಳಾಪುರದ ಆರ್‌ಟಿಒ ಗುರುತು ಕೆಎ 40, ಚಿಂತಾಮಣಿಯದು ಕೆಎ 67. ಐವತ್ತು ವರ್ಷ ದಾಟಿದ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000. ಈಗಾಗಲೇ ನೋಂದಣಿಯಾದ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ಎಂದು ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಮತ್ತು ಗಾಡಿ ಮೂಲ ರೂಪದಲ್ಲೇ ಇರಬೇಕು. ಎಂಜಿನ್ ನಂಬರು, ಚಾಸಿ ನಂಬರು ಆರ್‌ಸಿ ಪುಸ್ತಕಕ್ಕೆ ಹೊಂದುತ್ತಿವೆಯೇ ಎಂದು ನೋಡದೆ ಒಂದು ರೂಪಾಯಿಯ ಬಿಡಿಭಾಗವನ್ನೂ ಕೊಳ್ಳಬೇಡಿ. ಎಂಜಿನ್ ಕೇಸಿನ ಮೇಲಿನ ನಂಬರನ್ನು ಉಜ್ಜಿ ಹೊಸದಾಗಿ ಪಂಚ್ ಮಾಡಿದ ಗುಜರಿ ಎಂಜಿನ್ನು ಎಷ್ಟೇ ಸಸ್ತಾ ಸಿಕ್ಕರೂ ಮುಟ್ಟಬಾರದು.

ಜೀಪು, ಅಂಬಾಸಿಡರ್ ಇಟ್ಟವರ ಪಾಡು ಇಷ್ಟು ಕಷ್ಟದ್ದಲ್ಲ. ಹಳೇ ಮಹೀಂದ್ರ ಜೀಪಿಗೆ ಬಾಡಿಯಿಂದ ಹಿಡಿದು ಎಲ್ಲವೂ ಹರಿಯಾಣದ ಡಬ್ವಾಲಿ ಕಡೆಯಿಂದ ಬರುತ್ತದೆ. ಅಂಬಾಸಿಡರ್ ತಯಾರಿಕೆ ನಿಂತದ್ದೇ 2014ರಲ್ಲಿ, ಮಾಲು ಇನ್ನೂ ಪೇಟೆಯಲ್ಲಿದೆ. ಜಾವಾ, ಯೆಜ್ಡಿಯವರಿಗೆ ಪೇಟೆಗಿಂತ ಕೈಯೇ ಮುಖ್ಯ. ಶಿಡ್ಲಘಟ್ಟದ ಲೇತಿನ ಮುಂದೆ ಕೂತ ಹಿರಿಯರ ಬಳಿ ಕೆಲಸ ಕಲಿಯಲು ಈಗ ಒಬ್ಬ ಹುಡುಗನೂ ಇಲ್ಲ. ರೀಲಿಂಗಿಗೆ ಆಟೊಮ್ಯಾಟಿಕ್ ಮಿಷನ್ನುಗಳು ಬರುತ್ತಿದ್ದಂತೆ ಅವರಿಗೆ ಬರುವ ಚರಕದ ಕೆಲಸವೂ ಕಡಿಮೆಯಾಗಿದೆ. ಹಳೇ ಗಾಡಿಯ ಆಸೆಯುಳ್ಳ ಬೆಂಗಳೂರಿನ ಯುವಕರು ದೂರದ ಪೇಟೆಗೆ ಹಣ ಕಳಿಸುವ ಮೊದಲು ಇಲ್ಲಿಗೆ ಬರಲಿ, ಕೂಲಿ ಕೊಡುವಾಗ ಚೌಕಾಸಿ ಮಾಡದಿರಲಿ.

ಗೋಣಿಚೀಲದ ಲೆಕ್ಕ ಹೀಗಾಯಿತು: ಪಿಸ್ಟನ್ನು, ಗೇರ್ ಲಿವರು, ಸೀಲುಗಳು ವಾಪಸ್, ಕ್ರ್ಯಾಂಕು ಪಾಸು, ಸಿಲೆನ್ಸರಿನ ಕವಚ ಮಾತ್ರ ಉಪಯೋಗಕ್ಕೆ, ಆರ್ಮೆಚರ್ ಚಿಂತಾಮಣಿಯಲ್ಲಿ ಸುತ್ತಿಸುವುದು. ನೀವು ಹಳೇ ಗಾಡಿ ಬಿಚ್ಚಿಸುವವರಾದರೆ ಒಂದು ಮಾತು. ಬಿಚ್ಚಿದ ಹಳೇ ಭಾಗ ಎಷ್ಟೇ ತುಕ್ಕು ಹಿಡಿದಿರಲಿ, ಮುರಿದಿರಲಿ, ಹೊಸದನ್ನು ಹಾಕಿದ ಗಾಡಿ ಸಾವಿರ ಕಿಲೋಮೀಟರ್ ಓಡುವವರೆಗೆ ಅದನ್ನು ಗುಜರಿಗೆ ಹಾಕಬೇಡಿ. ಹೊಸದನ್ನು ಅಳೆಯಲು ನಿಮ್ಮ ಬಳಿ ಬೇರೆ ಮಾದರಿ ಇಲ್ಲ.